ಹತ್ತು ಡ್ರಮ್ಮು, ಒಂದು ಎಮ್ಮೆ

ವೇಸ್ಟ್ ಎನ್ನುವ ಶಬ್ದ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮೊನ್ನೆ ಸಹಕಾರನಗರದ ನಮ್ಮ ಬೀದಿಗೆ ಇಬ್ಬರು ಹುಡುಗಿಯರು ಬಂದು ಹಸಿ ಕಸಕ್ಕೊಂದು ಬಕೆಟ್ಟು, ಒಣ ಕಸಕ್ಕೊಂದು ಬಕೆಟ್ಟು ಎಂದು ನನಗೆ ಪಾಠ ಹೇಳತೊಡಗಿದರು. ಪಾಪ, ಒಳ್ಳೆಯ ಮಕ್ಕಳು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತ ರೀತಿ ನೋಡಿಯೇ ಪಾಠವನ್ನು ಅರ್ಧಕ್ಕೆ ನಿಲ್ಲಿಸಿ ಪಕ್ಕದ ಮನೆಗೆ ಹೋದರು. ಈ ಮುದುಕಿ ಇಪ್ಪತ್ತಮೂರನೆಯ ವಯಸ್ಸಿಗೇ ತ್ಯಾಜ್ಯ ನಿಯಂತ್ರಣ ಸಮಿತಿಯ ಕಾರ್ಯದರ್ಶಿಯಾಗಿದ್ದಳು, ಹತ್ತು ಡ್ರಮ್ಮುಗಳನ್ನು ತುಂಬಿಸಿ ಒಂದು ಬಡ ಎಮ್ಮೆಯ ಹೊಟ್ಟೆಗೆ ಕಲ್ಲು ಹಾಕಿದ್ದಳು ಎಂದು ಅವರಿಗೇನು ಗೊತ್ತು?

ಎಪ್ಪತ್ತರ ದಶಕದ ನಡುವೆ ನಾನು ಧಾರವಾಡದಿಂದ ಬಂದು ತುಮಕೂರು ರಸ್ತೆಯ ಒಂದು ಪಂಪ್‌ಸೆಟ್ ಕಾರ್ಖಾನೆಯಲ್ಲಿ ಟೈಪಿಸ್ಟ್ ಆಗಿ ಸೇರಿದೆ. ಇದ್ದದ್ದು ಯಶವಂತಪುರದ ವಠಾರವೊಂದರಲ್ಲಿ, ಸೋದರತ್ತೆಯ ಮನೆಯಲ್ಲಿ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಪ್ರೊಬೇಷನ್. ನನ್ನ ಮಾತು ಕೇಳಿದ ಬೆಂಗಳೂರಿನವರು "ಯಾಕ್ರೀ ಜಗಳ ಆಡ್ತಿದ್ದೀರಾ?" ಎಂದು ಕೇಳುತ್ತಿದ್ದರು. ನಾನು ಬರೀ ನೀರು ಕೇಳಿರುತ್ತಿದ್ದೆ. ಹಾಗೆ ಕೇಳಿದ ಮೇಲೆ ನಿಜವಾಗಿಯೂ ಜಗಳ ಶುರುವಾಗುತ್ತಿತ್ತು, ಆ ಮಾತು ಬೇರೆ.

ಕಾರ್ಖಾನೆಗೆ ಎರಡು ಗೇಟು. ಮುಂದಿನ ಗೇಟಿನಿಂದ ಕಬ್ಬಿಣ ಬಂದು ಪಂಪಾಗಿ ಹೊರಗೆ ಹೋಗುತ್ತಿತ್ತು. ಉಳಿದದ್ದೆಲ್ಲ ಹೋಗುತ್ತಿದ್ದದ್ದು ಹಿಂದಿನ ಗೇಟಿನಿಂದ. ಮರಗೆಲಸದ ಶೆಡ್ಡಿನ ಹೊಟ್ಟನ್ನು ದಾಸರಹಳ್ಳಿಯ ಹೆಂಗಸರು ಒಲೆಗೆ ಒಯ್ಯುತ್ತಿದ್ದರು. ಆಗ ಅರ್ಧ ಊರಿನ ಅನ್ನ ಬೇಯುತ್ತಿದ್ದದ್ದೇ ಹೊಟ್ಟಿನ ಒಲೆಯಲ್ಲಿ: ತಗಡಿನ ಡಬ್ಬಿಯ ನಡುವೆ ಒಂದು ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಗಿಡಿದು, ಬಾಟಲಿಯನ್ನು ಮೆಲ್ಲಗೆ ಮೇಲಕ್ಕೆ ಎಳೆದರೆ ಒಲೆ ಸಿದ್ಧ. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಯಾರದೋ ಬಚ್ಚಲ ಹಂಡೆಯ ಕೆಳಗೆ ಉರಿಯುತ್ತಿತ್ತು, ಅದರೊಳಗಿನ ಹುಲ್ಲಿನ ಮೇಲೆ ಯಾರದೋ ಕೋಳಿ ಕಾವಿಗೆ ಕೂರುತ್ತಿತ್ತು. ನಾನು ತಪ್ಪು ಟೈಪ್ ಮಾಡಿದ ಕಾಗದವೆಲ್ಲ ಕಡಲೆಕಾಯಿ ಪೊಟ್ಟಣವಾಗುತ್ತಿತ್ತು, ಮೊದಮೊದಲು ಆ ಕಡಲೆಕಾಯಿಯವನಿಗೆ ನನ್ನಿಂದ ಬಹಳ ಲಾಭವಾಯಿತು. ಒಂದು ಬಾಗಿದ ಮೊಳೆ ನೆಲಕ್ಕೆ ಬಿದ್ದರೂ ಸಂಜೆಯೊಳಗೆ ಅದು ಯಾರದೋ ಗೋಡೆಯಲ್ಲಿ ನೆಟ್ಟಗಾಗಿ ನಿಂತು ಕ್ಯಾಲೆಂಡರ್ ಹೊರುತ್ತಿತ್ತು. ಕಾರ್ಖಾನೆಯ ಹಿತ್ತಲನ್ನು ಗುಡಿಸುವ ಅಗತ್ಯವೇ ಇರಲಿಲ್ಲ.

ಆ ಗೇಟಿಗೆ ದಿನಕ್ಕೆ ಎರಡು ಸಲ ಬರುತ್ತಿದ್ದವಳು ಬಾಗಲಗುಂಟೆಯ ಒಬ್ಬ ಹೆಂಗಸು. ಐವತ್ತರ ಆಚೆ ಈಚೆ ವಯಸ್ಸು, ಗಂಡನಿಲ್ಲ, ಒಂದೇ ಒಂದು ಎಮ್ಮೆ. ಎಲ್ಲರೂ ಅವಳನ್ನು ಎಮ್ಮೆಯಮ್ಮ ಎಂದೇ ಕರೆಯುತ್ತಿದ್ದರು. ತಲೆಯ ಮೇಲೆ ಹಾಲಿನ ಪಾತ್ರೆ ಹೊತ್ತು ಬರುವಳು, ಆಫೀಸಿನ ಚಹಾಕ್ಕೆ ಹಾಲು ಅಳೆದು ಕೊಡುವಳು, ಹೋಗುವಾಗ ಕ್ಯಾಂಟೀನಿನ ಕಲಗಚ್ಚು ಹೊತ್ತು ಹೋಗುವಳು: ಅಕ್ಕಿ ತೊಳೆದ ನೀರು, ಬಸಿದ ಗಂಜಿ, ತರಕಾರಿ ಸಿಪ್ಪೆ, ಎಲೆಯಲ್ಲಿ ಉಳಿದ ಅನ್ನ. ಅದನ್ನು ಕುಡಿದು ಎಮ್ಮೆ ಹಾಲು ಕೊಡುವುದು, ಆ ಹಾಲಿನ ಚಹಾ ಕುಡಿದು ನಾವು ಟೈಪ್ ಹೊಡೆಯುವುದು. "ಈ ಕಲಗಚ್ಚು ನಿಂತ್ರೆ ನನ್ನೆಮ್ಮೆ ನಿಂತೋಯ್ತದೆ, ಎಮ್ಮೆ ನಿಂತ್ರೆ ನಾನು ನಿಂತೋಯ್ತೀನಿ" ಎಂದು ಅವಳು ಕ್ಯಾಂಟೀನಿನ ಭಟ್ಟರಿಗೆ ಆಗಾಗ ಹೇಳುತ್ತಿದ್ದಳು. ಭಟ್ಟರು ಅವಳಿಗೆಂದೇ ಗಂಜಿಯನ್ನು ಸ್ವಲ್ಪ ದಪ್ಪಗೆ ಬಸಿಯುತ್ತಿದ್ದರು.

ಇಂಥಾ ಕಾರ್ಖಾನೆಗೆ ಒಂದು ದಿನ ಬೊಂಬಾಯಿಯ ಹೆಡ್ಡಾಫೀಸಿನಿಂದ ಸರ್ಕ್ಯುಲರ್ ಬಂತು: ವೇಸ್ಟ್ ಕಡಿಮೆ ಮಾಡಿ, ಉಳಿದದ್ದನ್ನು ಮತ್ತೆ ಬಳಸಿ, ಚೆನ್ನಾಗಿ ಮಾಡಿದ ಕಾರ್ಖಾನೆಗೆ ಷೀಲ್ಡು. ಅದರ ಹಿಂದೆಯೇ ನಮ್ಮ ಸಾಹೇಬರು ಹದಿನೈದು ದಿನದ ತರಬೇತಿ ಮುಗಿಸಿ ಬಂದರು. ಹೋಗುವಾಗ ಸಾಧು ಮನುಷ್ಯ. ಬರುವಾಗ ಕಂಕುಳಲ್ಲಿ ಒಂದು ದಪ್ಪ ಫೈಲು, ಬಾಯಲ್ಲಿ ಒಂದೇ ಮಾತು: "ಸಿಸ್ಟಮ್ ಬೇಕಮ್ಮಾ, ಸಿಸ್ಟಮ್!" ಮೂರೇ ದಿನದಲ್ಲಿ ಸಮಿತಿ ರಚನೆಯಾಯಿತು. ಟೈಪ್‌ರೈಟರ್ ನನ್ನ ಮೇಜಿನ ಮೇಲಿದ್ದುದರಿಂದ ನಾನೇ ಕಾರ್ಯದರ್ಶಿಯಾದೆ.

"ಮೊದ್ಲು ನಮ್ಮಲ್ಲಿ ಎಷ್ಟ್ ವೇಸ್ಟ್ ಆಗ್ತಿದೆ ಅಂತ ಪಟ್ಟಿ ಮಾಡಿ. ಎಷ್ಟಿದೆ ಅಂತ ಗೊತ್ತಾದ್ರೆ ತಾನೆ ಕಡಿಮೆ ಮಾಡೋದು?" ಎಂದರು ಸಾಹೇಬರು.

ನಾನು ಮೂರು ದಿನ ಕಾರ್ಖಾನೆಯೆಲ್ಲ ಸುತ್ತಿದೆ. ಎಲ್ಲಿ ಹುಡುಕಿದರೂ ವೇಸ್ಟ್ ಸಿಗಲಿಲ್ಲ. ವಾಪಸ್ಸು ಬಂದು, "ಅಲ್ರೀ ಸರ, ಇದ್ರ ತಾನ ಕಡಿಮಿ ಮಾಡೂದು? ನಮ್ಮಲ್ಲಿ ವೇಸ್ಟ್ ಅಂಬೋದ ಇಲ್ರಿ" ಎಂದೆ.

"ಹಂಗೆಲ್ಲ ಇರೋಕ್ಕೆ ಸಾಧ್ಯ ಇಲ್ಲಮ್ಮ. ಎಲ್ಲಾ ಕಾರ್ಖಾನೇಲೂ ಇರತ್ತೆ. ಸರಿಯಾಗಿ ನೋಡಿ."

ಆಗ ನನಗೆ ಒಂದು ಹುರುಪು ಬಂತು ನೋಡಿ, ಆ ಹುರುಪಿಗೆ ಬೆಂಕಿ ಹಾಕ. ನಮ್ಮಲ್ಲಿ ಏನೂ ಹಾಳಾಗುವುದಿಲ್ಲ ಎಂದು ಸಾಹೇಬರಿಗೆ ತೋರಿಸಿಯೇ ಬಿಡುತ್ತೇನೆ, ನನ್ನ ಬುದ್ಧಿವಂತಿಕೆ ನೋಡಿ ಕೆಲಸ ಕಾಯಂ ಮಾಡಲಿ ಎಂದುಕೊಂಡು ಎರಡು ಹಾಳೆಯ ಪಟ್ಟಿ ತಯಾರಿಸಿದೆ. ಯಾವ ವಸ್ತು, ಯಾರು ಒಯ್ಯುತ್ತಾರೆ, ಒಯ್ದು ಏನು ಮಾಡುತ್ತಾರೆ. ಹೊಟ್ಟು, ಹಲಗೆ, ಹುಲ್ಲು, ಕಾಗದ ಎಲ್ಲ ಬಂತು. ಚಹಾದ ಚರಟವನ್ನು ವಾಚ್‌ಮನ್ ಸಾಬರು ತಮ್ಮ ಗುಲಾಬಿ ಗಿಡಕ್ಕೆ ಹಾಕುತ್ತಿದ್ದದ್ದೂ ಬಂತು. ಕಲಗಚ್ಚಿನ ಮುಂದೆ "ಬಾಗಲಗುಂಟೆಯ ಎಮ್ಮೆಯಮ್ಮ, ದಿನಕ್ಕೆ ಎರಡು ಸಲ" ಎಂದು ಬರೆದೆ. ಕೊನೆಗೆ, ಎಲ್ಲವೂ ಹಿಂದಿನ ಗೇಟಿನಿಂದ ಹೋಗಿ ಮತ್ತೆ ಬಳಕೆಯಾಗುತ್ತದೆ, ನಮ್ಮಲ್ಲಿ ಹಾಳಾಗುವುದು ಸೊನ್ನೆ ಎಂದು ಟೈಪ್ ಮಾಡಿ, ಸೊನ್ನೆಯ ಕೆಳಗೆ ಕೆಂಪು ಗೆರೆ ಎಳೆದೆ. ಅಷ್ಟು ಚೆಂದದ ಪಟ್ಟಿಯನ್ನು ನಾನು ಮತ್ತೆಂದೂ ಟೈಪ್ ಮಾಡಿಲ್ಲ.

ಸಾಹೇಬರು ಪಟ್ಟಿ ಓದಿದರು. ಓದುತ್ತಾ ಓದುತ್ತಾ ಮುಖ ಕೆಂಪಾಯಿತು. ಎರಡನೆಯ ಹಾಳೆ ಮುಗಿದಾಗ ಕುರ್ಚಿಯಿಂದ ಎದ್ದೇ ನಿಂತರು.

"ಇಷ್ಟೊಂದ್ ಕಳ್ಳತನ ನಡೀತಿದೆಯಾ ಇಲ್ಲಿ!"

"ಕಳ್ಳತನ ಅಲ್ರೀ ಸರ, ಅವರು ಒಯ್ತಾರ, ಬಳಸ್ತಾರ..."

"ಗೇಟ್ ಪಾಸ್ ಇದೆಯಾ? ರಿಜಿಸ್ಟರಲ್ಲಿ ಎಂಟ್ರಿ ಇದೆಯಾ? ಪಾಸ್ ಇಲ್ದೆ ಆಚೆ ಹೋದ್ರೆ ಕಳ್ಳತನಾನೇ. ಒಳ್ಳೇ ಕೆಲ್ಸ ಮಾಡಿದ್ರಿ, ಎಲ್ಲಾರ್ನೂ ಹಿಡಿದುಕೊಟ್ರಿ. ನಿಮ್ಮಂಥೋರು ಬೇಕಮ್ಮಾ ನಮ್ಗೆ."

ಮರುದಿನವೇ ಹಿಂದಿನ ಗೇಟಿಗೆ ಬೀಗ ಬಿತ್ತು. ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದ ಸಾಬರನ್ನು ಮುಂದಿನ ಗೇಟಿಗೆ ಹಾಕಿದರು. ಸಾಬರ ಮನೆಮಾತು ದಖ್ನಿ, ಕನ್ನಡದಲ್ಲೂ ಅದೇ ಧಾಟಿ. ಗುಲಾಬಿ ಗಿಡಗಳ ಕಡೆ ಒಮ್ಮೆ ನೋಡಿ ನನ್ನನ್ನು ಕೇಳಿದರು: "ಕ್ಯಾ ಬೇಟಿ, ನಮ್ದು ಚಾ ಪತ್ತೀ ಬಗ್ಗೇನೂ ಬರ್ದ್‌ಬಿಟ್ಟಿ?" ನಾನು ನೆಲಕ್ಕಿಳಿದುಹೋದೆ. ಆದರೂ ನಾಚಿಕೆಗಿಂತ ಹೆಚ್ಚಾಗಿ ನನಗೆ ಬಂದದ್ದು ಸಿಟ್ಟೇ, ಮತ್ತು ಅದರಲ್ಲಿ ಮುಕ್ಕಾಲು ಪಾಲು ನನ್ನ ಮೇಲೆ.

ವಾರದಲ್ಲಿ ಹತ್ತು ಹೊಸ ಡ್ರಮ್ಮು ಬಂದವು. ಒಂದೊಂದಕ್ಕೆ ಒಂದೊಂದು ಬಣ್ಣ, ಒಂದೊಂದು ನಂಬರು. ಒಂದನೆಯದು ಹೊಟ್ಟಿಗೆ, ಐದನೆಯದು ಕಲಗಚ್ಚಿಗೆ, ಹೀಗೆ. ಡ್ರಮ್ಮುಗಳಿಗೆ ಬಣ್ಣ ಬಳಿದ ಮೇಲೆ ಖಾಲಿ ಬಣ್ಣದ ಡಬ್ಬಿಗಳು ಉಳಿದವು, ಅವಕ್ಕೆ ಏಳನೆಯ ಡ್ರಮ್ಮು ಕೊಟ್ಟರು. ಪ್ರತಿ ಸಂಜೆ ಹತ್ತೂ ಡ್ರಮ್ಮುಗಳನ್ನು ತೂಗಿ ಮೂರು ಪ್ರತಿಯ ಫಾರಂನಲ್ಲಿ ತುಂಬಬೇಕಾಗಿತ್ತು. ಆ ಫಾರಮ್ಮುಗಳಿಂದಲೂ ಸವೆದ ಕಾರ್ಬನ್ ಹಾಳೆಗಳಿಂದಲೂ ಹತ್ತನೆಯ ಡ್ರಮ್ಮು ತುಂಬಿತು. ಹದಿನೈದು ದಿನದಲ್ಲಿ ನಮ್ಮ ಕಾರ್ಖಾನೆಯಲ್ಲಿ ಮೊದಲ ಬಾರಿಗೆ ವೇಸ್ಟ್ ಕಾಣಿಸಿಕೊಂಡಿತು.

"ನೋಡಿ! ನೀವು ಇಲ್ಲ ಅಂದ್ರಲ್ಲ?" ಎಂದು ಸಾಹೇಬರು ಹೆಮ್ಮೆಯಿಂದ ಕೈ ಚಾಚಿ ತೋರಿಸಿದರು.

ಐದನೆಯ ಡ್ರಮ್ಮಿನದೇ ದೊಡ್ಡ ರಾಮಾಯಣ. ಕಲಗಚ್ಚನ್ನು ಕೆಜಿಯಲ್ಲಿ ಬರೆಯಬೇಕೋ ಲೀಟರಿನಲ್ಲೋ ಎಂದು ಎರಡು ಮೀಟಿಂಗ್ ಆಯಿತು. ಅದನ್ನು ಹೇಗೆ ಮತ್ತೆ ಬಳಸಬೇಕು ಎಂಬುದನ್ನು ಮೂರನೆಯ ಮೀಟಿಂಗಿಗೆ ಮುಂದೂಡಿದರು. ಅಷ್ಟರಲ್ಲಿ ನಾತ ತಡೆಯಲಾರದೆ ಸಾಹೇಬರು ಡ್ರಮ್ಮಿಗೆ ಬಿಗಿಯಾದ ಮುಚ್ಚಳ ಹಾಕಿಸಿದರು. ನಾಲ್ಕನೆಯ ದಿನ ಮಧ್ಯಾಹ್ನ, ಊಟದ ಗಂಟೆ ಬಾರಿಸುವ ಹೊತ್ತಿಗೆ ಸರಿಯಾಗಿ ಹುಳಿತ ಗಂಜಿ ಮುಚ್ಚಳವನ್ನು ಢಂ ಎಂದು ಹಾರಿಸಿತು. ಫೌಂಡ್ರಿಯವರು ಕುಲುಮೆಯೇ ಒಡೆಯಿತೆಂದು ಹೊರಗೆ ಓಡಿಬಂದರು. ಮುಚ್ಚಳ ಸೈಕಲ್ ಸ್ಟ್ಯಾಂಡಿನ ತಗಡಿನ ಮೇಲೆ ಬಿತ್ತು, ಒಳಗಿದ್ದದ್ದು ಸಾಹೇಬರ ಸ್ಕೂಟರಿನ ಮೇಲೆ ಬಿತ್ತು. "ಎಂತ ಮಾರಾಯ್ತಿ, ಬಾಂಬು ಮಾಡುವ ಕಾರ್ಖಾನೆಗೆ ಅಡುಗೆಗೆ ಬಂದಂಗಾಯ್ತಲ್ಲ" ಎಂದು ಭಟ್ಟರು ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು. ನಾನು ಫಾರಂ ತೆಗೆದು ಆ ದಿನದ ತೂಕದ ಮುಂದೆ "ಹಾರಿಹೋಗಿದೆ" ಎಂದು ಮೂರು ಪ್ರತಿ ಟೈಪ್ ಮಾಡಿದೆ.

ಎಮ್ಮೆಯಮ್ಮ ಮಾತ್ರ ದಿನಾ ಬರುತ್ತಿದ್ದಳು. ಬೀಗ ಬಿದ್ದ ಗೇಟಿನ ಆಚೆ ಪಾತ್ರೆ ಇಟ್ಟುಕೊಂಡು ಕೂತು, ಒಂದಷ್ಟು ಹೊತ್ತು ನೋಡಿ ಎದ್ದು ಹೋಗುತ್ತಿದ್ದಳು. ಒಂದು ಮಧ್ಯಾಹ್ನ ತಡೆಯಲಾರದೆ ನಾನು ಗೇಟಿನ ಸಂದಿಯ ಹತ್ತಿರ ಹೋದೆ.

"ಎಮ್ಮೆ ಗಬ್ಬ ಐತೆ ಕಣವ್ವ, ಏಳು ತುಂಬೈತೆ" ಎಂದಳು. "ಬೂಸಾ ಇಂಡಿ ತರೋ ಶಕ್ತಿ ನಂಗಿಲ್ಲ. ಬರೀ ಒಣುಲ್ಲು ತಿಂದು ಆಲೆಲ್ಲ ಬತ್ತೋಯ್ತು. ಪಕ್ಕೆಲುಬು ಕಾಣ್ತದೆ. ಇಂಗೇ ಆದ್ರೆ ಬರೋ ಸಂತೆಗೆ ಒಡ್ಕೊಂಡೋಯ್ತೀನಿ. ನನ್ನ ಕಣ್ಮುಂದೆ ಒಟ್ಟೇಲಿರೋ ಕರ ಸಾಯೋದ್ ಬ್ಯಾಡ."

"ಅದ್ಯಾರೋ ಪಟ್ಟಿ ಬರ್ಕೊಟ್ರಂತೆ" ಎಂದಳು ಅವಳು, ಸಂದಿಯಿಂದ ನನ್ನ ಕೈಬೆರಳುಗಳನ್ನೇ ನೋಡುತ್ತಾ. "ಅವ್ರ ಕೈಗೆ ಏನ್ ಬಂದಿತ್ತೋ ಕಾಣೆ."

ನಾನೇ ಬರೆದದ್ದು ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮಾತಿಗೆ ಮುಂಚೆ ಜಗಳಕ್ಕೆ ನಿಲ್ಲುವ ನನ್ನ ನಾಲಿಗೆ ಅವತ್ತು ಅಂಗುಳಕ್ಕೆ ಅಂಟಿಕೊಂಡಿತು. "ಸಂತಿಗೆ ಹೋಗಬ್ಯಾಡ್ರಿ ಯಮ್ಮಾ, ನಾ ಏನರ ಮಾಡತೀನಿ" ಎಂದಷ್ಟೇ ಹೇಳಿ ಅಲ್ಲಿಂದ ಬಂದೆ.

ಏನು ಮಾಡುವುದು? ಸಾಹೇಬರ ಹತ್ತಿರ ಹೋಗಿ, ಅವಳಿಗೊಂದು ಗೇಟ್ ಪಾಸ್ ಕೊಡಿ ಎಂದು ಕೇಳಿದೆ. ಪಾಸ್ ಕೊಡಲು ವಸ್ತುವಿನ ಪಾರ್ಟ್ ನಂಬರ್ ಬೇಕು ಎಂದರು. ಕಲಗಚ್ಚಿಗೆ ಪಾರ್ಟ್ ನಂಬರ್ ಇರಲಿಲ್ಲ. ನಂಬರ್ ಕೊಡಲು ಹೆಡ್ಡಾಫೀಸಿಗೆ ಡ್ರಾಯಿಂಗ್ ಕಳಿಸಬೇಕು ಎಂದರು. ಕಲಗಚ್ಚಿನ ಡ್ರಾಯಿಂಗ್ ಹೇಗೆ ಬರೆಯುತ್ತಾರೆ ಎಂದು ಕೇಳಿದ್ದಕ್ಕೆ, "ವ್ಯಂಗ್ಯ ಮಾಡ್ಬೇಡೀಮ್ಮಾ, ನಿಮ್ ಕನ್‌ಫರ್ಮೇಷನ್ ಇನ್ನೂ ನನ್ ಟೇಬಲ್ ಮೇಲಿದೆ" ಎಂದರು. ವಾಪಸ್ಸು ಬಂದು ಕ್ಯಾಂಟೀನಿನಲ್ಲಿ ಕೂತೆ. ಎದುರಿಗೆ ನನ್ನ ನಾಲ್ಕು ಡಬ್ಬಿಯ ಟಿಫಿನ್ ಕ್ಯಾರಿಯರ್ ಇತ್ತು, ಊಟ ಮುಗಿದು ಖಾಲಿಯಾಗಿತ್ತು. ನಾನು ಭಟ್ಟರ ಮುಖ ನೋಡಿದೆ. ಭಟ್ಟರು ಕ್ಯಾರಿಯರ್ ನೋಡಿದರು. "ಕೊಡು ಇಲ್ಲಿ" ಎಂದು ಎಳೆದುಕೊಂಡು, ಆಗಷ್ಟೇ ಬಸಿದಿದ್ದ ಗಂಜಿಯನ್ನು ನಾಲ್ಕೂ ಡಬ್ಬಿಗೆ ತುಂಬಿಸಿದರು.

ಸಂಜೆ ಮುಂದಿನ ಗೇಟಿನಲ್ಲಿ ಎಲ್ಲರ ಚೀಲ ತಪಾಸಣೆ. ತಾಮ್ರ, ಹಿತ್ತಾಳೆ, ಕಬ್ಬಿಣ, ಹತ್ಯಾರು ಒಯ್ಯಬಾರದು ಎಂದು ಬೋರ್ಡು ಇತ್ತು. ಸಾಬರು ನನ್ನ ಮೇಲಿನ ಡಬ್ಬಿ ತೆಗೆದರು. ಬಗ್ಗಿ ಮೂಸಿದರು. ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೂ ಓದಿದರು.

"ಗಂಜಿ ಇದ್ರಲ್ಲಿ ಇಲ್ಲ" ಎಂದು ಡಬ್ಬಿ ಮುಚ್ಚಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಇಷ್ಟ್ರಲ್ಲಿ ಭೈಂಸ್‌ದು ಮೂಗೂ ಒದ್ದೆ ಆಗಲ್ಲ ಬೇಟಿ. ನಾಳೆ ನಮ್ದೂ ಡಬ್ಬಾ ತರ್ತೀನಿ" ಎಂದರು.

ವಾರದೊಳಗೆ ಹತ್ತು ಕ್ಯಾರಿಯರ್ ಆದವು, ತಿಂಗಳೊಳಗೆ ಮೂವತ್ತು. ಫೌಂಡ್ರಿಯವರು, ಮರಗೆಲಸದವರು, ಪ್ಯಾಕಿಂಗಿನವರು. ನನ್ನ ಪಟ್ಟಿಯಿಂದ ಯಾರಿಗೆಲ್ಲ ಹೊಟ್ಟು ತಪ್ಪಿತ್ತೋ, ಹಲಗೆ ತಪ್ಪಿತ್ತೋ, ಅವರೇ ನನ್ನನ್ನು ಬೈದುಕೊಂಡು ಡಬ್ಬಿ ತಂದರು. ಬೆಳಿಗ್ಗೆ ಚಪಾತಿ, ಮುದ್ದೆ, ಚಿತ್ರಾನ್ನ ಹೊತ್ತು ಬರುವವರು ಸಂಜೆ ಬಂದದ್ದಕ್ಕಿಂತ ಭಾರವಾದ ಕ್ಯಾರಿಯರ್ ಹಿಡಿದು, ತುಳುಕದಂತೆ ಮೈ ನೆಟ್ಟಗೆ ಮಾಡಿಕೊಂಡು, ಮದುವೆ ಮನೆಯಲ್ಲಿ ಕಳಶ ಹೊತ್ತವರ ಹಾಗೆ ಸಾಲಾಗಿ ಗೇಟು ದಾಟುತ್ತಿದ್ದೆವು. ದಾಸರಹಳ್ಳಿ ಬಸ್ ಸ್ಟಾಪಿನಲ್ಲಿ ಎಮ್ಮೆಯಮ್ಮ ದೊಡ್ಡ ಬಾನಿ ಇಟ್ಟುಕೊಂಡು ಕಾಯುತ್ತಿದ್ದಳು. ಒಬ್ಬೊಬ್ಬರೇ ಸುರಿಯುವುದು, ಡಬ್ಬಿ ಜಾಡಿಸುವುದು, ಬಸ್ಸು ಹತ್ತುವುದು. ಒಂದು ದಿನ ಸ್ಟಾಪಿಗೆ ಮುಂಚೆಯೇ ಬಸ್ಸು ಹತ್ತಿಬಿಟ್ಟ ಪ್ಯಾಕಿಂಗಿನವನೊಬ್ಬನ ಡಬ್ಬಿ ಕಂಡಕ್ಟರನ ಪ್ಯಾಂಟಿನ ಮೇಲೆ ಸೋರಿತು. "ಏನ್ ಗುರು ಇದು, ನಿಮ್ಮನೇಲಿ ಇದ್ನೇ ತಿಂತೀರಾ?" ಎಂದು ಅವನು ಮರುಕದಿಂದ ಕೇಳಿದನಂತೆ.

ಸಂತೆ ಬಂತು, ಎಮ್ಮೆ ಹೋಗಲಿಲ್ಲ. ಇನ್ನೊಂದು ಸಂತೆಯೂ ಬಂತು. "ಪಕ್ಕೆ ತುಂಬ್ತಾ ಐತೆ ಕಣವ್ವ" ಎಂದು ಎಮ್ಮೆಯಮ್ಮ ಬಾನಿಯ ಹತ್ತಿರ ಕೂತು ವರದಿ ಕೊಡುತ್ತಿದ್ದಳು.

ಈ ಕಡೆ ಕಾರ್ಖಾನೆಯಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತಿತ್ತು. ಐದನೆಯ ಡ್ರಮ್ಮು ದಿನೇ ದಿನೇ ಹಗುರವಾಗುತ್ತಿತ್ತು. ಸಾಹೇಬರು ಗೋಡೆಗೆ ಗ್ರಾಫ್ ಹಾಳೆ ಅಂಟಿಸಿ ದಿನಾ ಒಂದು ಚುಕ್ಕೆ ಇಡುತ್ತಿದ್ದರು, ಚುಕ್ಕೆ ದಿನಾ ಕೆಳಗಿಳಿಯುತ್ತಿತ್ತು. "ನೋಡಿದ್ರಾಮ್ಮಾ? ಅಳತೆ ಶುರು ಮಾಡಿದ್ರೇ ಸಾಕು, ವೇಸ್ಟ್ ತಾನಾಗೇ ಹೆದರಿಕೊಳ್ಳತ್ತೆ!" ಎಂದರು. ಗ್ರಾಫಿನ ಗೆರೆ ಹಾಳೆಯ ತಳ ಮುಟ್ಟಿದಾಗ ಅದನ್ನು ಹೆಡ್ಡಾಫೀಸಿಗೆ ಕಳಿಸಿದರು. ಉಳಿದ ಒಂಬತ್ತು ಡ್ರಮ್ಮುಗಳು ತುಂಬಿ ತುಳುಕಿ ಹಿತ್ತಲಲ್ಲಿ ಗುಡ್ಡವಾಗಿದ್ದವು. ಹೊಟ್ಟಿನಲ್ಲಿ ಇಲಿಗಳು ಸಂಸಾರ ಹೂಡಿದ್ದವು. ಆದರೆ ಗ್ರಾಫಿನಲ್ಲಿ ಇಲಿಗೆ ಜಾಗವಿರಲಿಲ್ಲ. ಷೀಲ್ಡು ನಮಗೇ ಎಂದು ಪತ್ರ ಬಂತು.

ಷೀಲ್ಡು ಕೊಡಲು ಬೊಂಬಾಯಿಯಿಂದ ದೊಡ್ಡ ಸಾಹೇಬರೇ ಬಂದರು. ಅವರಿಗೆ ಕನ್ನಡ ಬಾರದು, ಬರೀ ಇಂಗ್ಲಿಷು. ಹಿತ್ತಲಿನ ಗುಡ್ಡಕ್ಕೆ ಟಾರ್ಪಾಲು ಹೊದಿಸಿ, ಅದರ ಮುಂದೆ ಸಾಲಾಗಿ ಹೂಕುಂಡ ಇಟ್ಟಿದ್ದೆವು. ಭಾಷಣ ಮುಗಿದು ಚಹಾ ಬರುವ ಹೊತ್ತು. ಹಾಲಿನ ಪುಡಿಯ ಚಹಾ, ಬಾಯಿಗಿಟ್ಟರೆ ಸುಣ್ಣದ ನೀರು. ಅಷ್ಟರಲ್ಲಿ ಬಾಗಿಲಲ್ಲಿ ಎಮ್ಮೆಯಮ್ಮ ಕಾಣಿಸಿಕೊಂಡಳು. ತಲೆಗೆ ಎಣ್ಣೆ ಹಾಕಿ ಬಾಚಿದ್ದಳು, ಕೈಯಲ್ಲಿ ದೊಡ್ಡ ಪಾತ್ರೆ, ಮೇಲೆ ಬಾಳೆಲೆ. ಹಿಂದೆ ನಮ್ಮ ಸಾಬರು, ಏನೂ ಅರಿಯದವರ ಮುಖ ಮಾಡಿಕೊಂಡು ನಿಂತಿದ್ದರು.

"ನೆನ್ನೆ ಎಮ್ಮೆ ಈಯ್ತು" ಎಂದಳು. "ಎಣ್ಣುಗರ. ಗಿಣ್ಣು ಮಾಡ್ಕೊಂಡ್ ತಂದಿವ್ನಿ. ಎಮ್ಮೆ ಸಾಕ್ದೋರು ನೀವು, ಮೊದ್ಲು ನಿಮ್ಗೇ ಕೊಡ್ಬೇಕು."

ಈದ ಎಮ್ಮೆಯ ಮೊದಲ ಹಾಲಿನ ಗಿಣ್ಣನ್ನು ಯಾರೂ ಮಾರುವುದಿಲ್ಲ, ಹಂಚುತ್ತಾರೆ. ಭಟ್ಟರು ಎಲ್ಲರಿಗೂ ತುಂಡು ಕತ್ತರಿಸಿ ಕೊಟ್ಟರು. ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣು, ಮೈ ಜುಮ್ಮೆನ್ನುವಷ್ಟು ಚೆನ್ನಾಗಿತ್ತು. ದೊಡ್ಡ ಸಾಹೇಬರು ಎರಡು ತುಂಡು ತಿಂದು, ಇದೇನು, ಈಕೆ ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಮ್ಮ ಸಾಹೇಬರಿಗೂ ಏನೂ ಗೊತ್ತಿರಲಿಲ್ಲ. ಅವಳ ಕಡೆ ತಿರುಗಿ, "ನಾವ್ ಎಲ್ಲಮ್ಮಾ ನಿಮ್ ಎಮ್ಮೆ ಸಾಕಿದ್ದು?" ಎಂದರು.

"ಇನ್ನೇನ್ ಸಾಮಿ! ನೀವು ಗೇಟ್ ಮುಚ್ಚಿದ್ರೂ ಈ ಅವ್ವ, ಸಾಬ್ರು, ಇವ್ರೆಲ್ಲ ಮೂರ್ ತಿಂಗ್ಳು ಊಟದ್ ಡಬ್ಬೀಲಿ ಕಲಗಚ್ಚು ತುಂಬ್ಕೊಂಡ್ ತಂದು ಸುರೀಲಿಲ್ವಾ? ಒಂದಿನಾನೂ ತಪ್ಪಿಸ್ಲಿಲ್ಲ. ಕರೀಗೆ ಈ ಅವ್ವನ ಎಸ್ರೇ ಮಡಗಿವ್ನಿ!"

ಅವಳು ನನ್ನ ಕಡೆ ಬೆರಳು ತೋರಿಸಿದಳು. ಮೂವತ್ತು ಜನ ಒಟ್ಟಿಗೆ ಗಿಣ್ಣು ನುಂಗುವುದನ್ನು ನಿಲ್ಲಿಸಿದರು. ನನ್ನ ಕೆಲಸ ಹೋಯಿತು ಎಂದುಕೊಂಡೆ. ಸಾಹೇಬರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಗೋಡೆಯ ಗ್ರಾಫನ್ನು ನೋಡಿದರು. ಆ ಗೆರೆ ಯಾಕೆ ಕೆಳಗಿಳಿಯಿತು ಎಂಬುದು ಅವರಿಗೆ ಆ ಕ್ಷಣ ಹೊಳೆದದ್ದು ಮುಖದ ಮೇಲೆ ಕಾಣುತ್ತಿತ್ತು. ದೊಡ್ಡ ಸಾಹೇಬರು ಪೆನ್ನು ತೆಗೆದು, ಏನು ಹೇಳುತ್ತಿದ್ದಾಳೆ ಎಂದು ಮತ್ತೆ ಕೇಳಿದರು.

ನಮ್ಮ ಸಾಹೇಬರು ಗಂಟಲು ಸರಿಮಾಡಿಕೊಂಡರು. ಐದನೆಯ ಡ್ರಮ್ಮಿನ ಪದಾರ್ಥವನ್ನು ಸಂಸ್ಕರಿಸಿ ತಯಾರಿಸಿದ ವಸ್ತು ಇದೇ, ಈಕೆ ನಮ್ಮ ಹೊರಗಿನ ಸಂಸ್ಕರಣಾ ಘಟಕದ ಮುಖ್ಯಸ್ಥೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ದೊಡ್ಡ ಸಾಹೇಬರು ಮೂರನೆಯ ತುಂಡು ಬಾಯಿಗಿಟ್ಟುಕೊಂಡು ಎಲ್ಲ ಬರೆದುಕೊಂಡರು.

ಹದಿನೈದು ದಿನಕ್ಕೆ ಬೊಂಬಾಯಿಯಿಂದ ಹೊಸ ಫಾರಂ ಬಂತು. ಮೂರು ತಿಂಗಳಿಗೊಮ್ಮೆ ತುಂಬಿ ಕಳಿಸಬೇಕಾದ ಫಾರಂ. ಅದರಲ್ಲಿ ಹನ್ನೊಂದನೆಯ ಕಾಲಮ್ಮು: ಗಿಣ್ಣು, ತಯಾರಾದ ಪ್ರಮಾಣ. ಮುಂದಿನ ಅವಧಿಯಲ್ಲಿ ಎಷ್ಟು ಹೆಚ್ಚಿಸುತ್ತೀರಿ ಎಂದೂ ಕೇಳಿದ್ದರು. ಸಾಹೇಬರು ಫಾರಮ್ಮನ್ನು ನನ್ನ ಮೇಜಿನ ಮೇಲಿಟ್ಟು ಎದುರಿನ ಕುರ್ಚಿಯಲ್ಲಿ ಕುಸಿದು ಕೂತರು.

"ಒಂದ್ ಎಮ್ಮೆ ಎಷ್ಟ್ ತಿಂಗಳಿಗೊಂದ್ಸಲ ಈಯತ್ತಮ್ಮಾ?"

"ವರ್ಷಕ್ಕೊಮ್ಮೆ ಈದ್ರ ದೊಡ್ಡದ್ರಿ ಸರ."

"ಹೆಡ್ಡಾಫೀಸಿಗೆ ಮೂರ್ ತಿಂಗಳಿಗೊಂದ್ಸಲ ಬೇಕಲ್ಲಮ್ಮಾ!" ಆ ದೊಡ್ಡ ಮನುಷ್ಯ ಅಳುವುದೊಂದು ಬಾಕಿ. "ಸಿಸ್ಟಮ್ ಮಾಡಿ, ಏನಾದ್ರೂ ಸಿಸ್ಟಮ್ ಮಾಡಿ."

ಜೀವನದಲ್ಲಿ ಒಂದೇ ಒಂದು ಸಲ ನನ್ನ ಬುದ್ಧಿ ಸಮಯಕ್ಕೆ ಸರಿಯಾಗಿ ಓಡಿತು. ನಾಲ್ಕು ಮನೆಯ ನಾಲ್ಕು ಎಮ್ಮೆ ಬೇಕು, ಮೂರು ಮೂರು ತಿಂಗಳ ಅಂತರದಲ್ಲಿ ಈಯಬೇಕು, ಅವಕ್ಕೆ ದಿನಾ ತಪ್ಪದೆ ಕಲಗಚ್ಚು ಹೋಗಬೇಕು, ಅಷ್ಟನ್ನು ಡಬ್ಬಿಯಲ್ಲಿ ಸಾಗಿಸಲಾಗದು, ಹಿಂದಿನ ಗೇಟು ತೆಗೆಯಲೇಬೇಕು ಎಂದೆ. ಕಲಗಚ್ಚು ಕಾಯಿಸಲು ಹೊಟ್ಟು ಬೇಕು, ಹಲಗೆ ಬೇಕು, ಕರು ಮಲಗಲು ಪೆಟ್ಟಿಗೆಯ ಹುಲ್ಲು ಬೇಕು ಎಂದೂ, ಸಾಬರ ಗುಲಾಬಿ ನೆನಪಾಗಿ ಚಹಾದ ಚರಟವೂ ಬೇಕು ಎಂದೂ ಸೇರಿಸಿದೆ. ಚರಟ ಯಾಕೆ ಬೇಕು ಎಂದು ಕೇಳಿದರು. ಗಿಣ್ಣಿನ ಪರಿಮಳಕ್ಕೆ ಎಂದೆ. ಸಾಹೇಬರು ಎಲ್ಲದಕ್ಕೂ ಒಂದೇ ಆದೇಶದಲ್ಲಿ ಸಹಿ ಹಾಕಿದರು. ಬೀಗ ತೆಗೆದ ದಿನ ಹಿತ್ತಲಿನ ಗುಡ್ಡ ಮಧ್ಯಾಹ್ನದೊಳಗೆ ಮಾಯವಾಯಿತು, ಏಳನೆಯ ಡ್ರಮ್ಮಿನ ಬಣ್ಣದ ಡಬ್ಬಿಗಳೂ ಬಚ್ಚಲ ಚೊಂಬಾಗಿ ಹೋದವು. ಸಂಜೆ ನೋಡಿದರೆ ಡ್ರಮ್ಮುಗಳಲ್ಲೂ ಎರಡೇ ಉಳಿದಿದ್ದವು. ಆ ತಿಂಗಳ ಕೊನೆಗೆ ನನ್ನ ಕೆಲಸವೂ ಕಾಯಂ ಆಯಿತು.

ಕಾಯಂ ಪತ್ರ ಕೈಗೆ ಬಂದ ಭಾನುವಾರ ನಾನು ಒಂದು ಪೊಟ್ಟಣ ಪೇಡೆ ಹಿಡಿದುಕೊಂಡು ಬಾಗಲಗುಂಟೆಗೆ ಹೋದೆ. ನಾಲ್ಕು ತಿಂಗಳಿನಿಂದ ಎದೆಯಲ್ಲಿ ಕೂತಿದ್ದ ಮಾತನ್ನು ಹೇಳದೆ ಪೇಡೆ ತಿನ್ನಲು ನನ್ನಿಂದ ಆಗುತ್ತಿರಲಿಲ್ಲ. ಎಮ್ಮೆಯಮ್ಮ ಹಟ್ಟಿಯಲ್ಲಿ ಹಾಲು ಕರೆಯಲು ಕೂತಿದ್ದಳು. ಪಕ್ಕದಲ್ಲಿ ಗೂಟಕ್ಕೆ ಕಟ್ಟಿದ್ದ ನನ್ನ ಹೆಸರಿನ ಕರು ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಇಟ್ಟುಕೊಂಡು ನನ್ನನ್ನೇ ನೋಡಿತು.

"ಯಮ್ಮಾ, ಆ ಪಟ್ಟಿ ಬರದಾಕಿ ನಾನ ರೀ" ಎಂದೆ. ಹೇಳುತ್ತಿದ್ದಂತೆ ಅಳು ಬಂತು. "ನನ್ನ ನೌಕರಿ ಸಲುವಾಗಿ ಬರದೆ. ನಿಮ್ಮ ಎಮ್ಮಿ ಸಾಯತಿತ್ತು. ನನ್ನ ಹೆಸರು ಅದಕ್ಕ ಬ್ಯಾಡ್ರಿ, ತಗೀರಿ."

ಅವಳು ಕೆಚ್ಚಲಿನಿಂದ ಕೈ ತೆಗೆಯಲಿಲ್ಲ. "ಗೊತ್ತು ಕಣವ್ವ. ಬೀಗ ಆಕ್ದ ದಿನಾನೇ ಸಾಬ್ರು ಯೋಳಿದ್ರು" ಎಂದಳು.

"ಮತ್ತ? ಗೊತ್ತಿದ್ದೂ ನನ್ನ ಹೆಸರು ಇಟ್ರಿ?"

"ಅದ್ಕೇ ಮಡಗಿದ್ದು. ನೀನು ಓದ್ದೋಳು, ಆಪೀಸ್ನೋಳು. ನಿನ್ನ ಎದುರಿಗೆ ನಿಂತ್ಕೊಂಡು ಬಯ್ಯೋಕಾಯ್ತದಾ? ದಿನಾ ಗಂಜಿ ಒತ್ಕೊಂಡ್ ಬೇರೆ ಬತ್ತಿದ್ದೆ. ನನ್ ಒಟ್ಟೆ ಉರಿ ಎಲ್ಲಿಗ್ ಓಗ್ಬೇಕು? ಕರೀಗೆ ನಿನ್ನೆಸ್ರು ಮಡಗಿದ್ರೆ ಎಲ್ಡೊತ್ತೂ ಬಾಯ್ತುಂಬ ಬೈಬೋದು."

ಅಷ್ಟು ಹೇಳುವುದರೊಳಗೆ ಕರು ಹಗ್ಗ ಜಗ್ಗಿ ಬಂದು ಹಾಲಿನ ಚೊಂಬಿಗೆ ಒದೆಯಿತು. ಎಮ್ಮೆಯಮ್ಮ ಎದ್ದು ನಿಂತು, ನನ್ನ ಹೆಸರು ಹಿಡಿದು ಕೂಗಿ, ಲೇ ಮುಂಡೇದೇ ಎಂದು ಶುರುಮಾಡಿ, ಹೊಟ್ಟೆಗೆ ಅನ್ನ ತಿಂತೀಯೋ ಇಲ್ವೋ, ಇನ್ನೊಬ್ಬರ ಬಾಯಿಗೆ ಮಣ್ಣು ಹಾಕೋಕೇ ಹುಟ್ಟಿದೀಯಾ ಎಂದು ಉಸಿರು ಕಟ್ಟುವವರೆಗೂ ಬೈದಳು. ಕರುವೂ ನಾನೂ ತಲೆ ತಗ್ಗಿಸಿ ನಿಂತು ಪೂರ್ತಿ ಕೇಳಿದೆವು. ಆಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಒಂದು ಪೇಡೆಯನ್ನು ಬಾಯಿಗೆ ಹಾಕಿಕೊಂಡಳು, ಇನ್ನೊಂದನ್ನು ಮುರಿದು ಅರ್ಧ ಕರುವಿಗೂ ಅರ್ಧ ನನಗೂ ಕೊಟ್ಟಳು.